ಒಂದೇ ಸ್ಕ್ಯಾನ್, ಎರಡು ತೀರ್ಪು: ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಮೊದಲು ನೋಡುವ ಸರ್ಜನ್‌ಗೆ ಏನು ಗೊತ್ತಿರಬೇಕು?

ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ ಕ್ಯಾನ್ಸರ್‌ಗೆ ಲಸಿಕೆ ಬಂತು ಎಂಬ ಸುದ್ದಿ 2025ರ ಫೆಬ್ರುವರಿಯಿಂದೀಚೆಗೆ ಓಡಾಡುತ್ತಿದೆ. ಸುದ್ದಿಯ ಮೂಲ ಸುಳ್ಳಲ್ಲ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದ ಸರ್ಜನ್ ವಿನೋದ್ ಬಾಲಚಂದ್ರನ್ ಅವರ ತಂಡ 16 ರೋಗಿಗಳಿಗೆ ಎಂಆರ್‌ಎನ್‌ಎ ಲಸಿಕೆ ಕೊಟ್ಟಿತ್ತು. 8 ಮಂದಿಯ ರೋಗನಿರೋಧಕ ಕಣಗಳು ಅದಕ್ಕೆ ಎಚ್ಚೆತ್ತವು. ಮೂರು ವರ್ಷಕ್ಕೂ ಮೀರಿದ ನಿಗಾದಲ್ಲಿ ಆ 8ರ ಪೈಕಿ ಇಬ್ಬರಿಗೆ ಮಾತ್ರ ಕಾಯಿಲೆ ಮರಳಿತು. ಎಚ್ಚೆತ್ತುಕೊಳ್ಳದ ಉಳಿದ 8ರಲ್ಲಿ 7 ಮಂದಿಗೆ ಮರಳಿತು.

ಆದರೆ ಶೀರ್ಷಿಕೆಗಳು ಬಿಟ್ಟುಬಿಟ್ಟ ಒಂದು ಸಾಲಿದೆ. ಆ 16 ಮಂದಿಗೂ ಮೊದಲು ಆಪರೇಷನ್ ಆಗಿತ್ತು. ತೆಗೆದ ಗಡ್ಡೆಯ ತುಣುಕಿನಿಂದಲೇ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಸಿಕೆ ತಯಾರಿಸಿದ್ದರು. ಗಡ್ಡೆ ಹೊರಬಾರದಿದ್ದರೆ ಲಸಿಕೆಯೂ ಇರುತ್ತಿರಲಿಲ್ಲ. ಈ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ನೂರರಲ್ಲಿ 15ರಿಂದ 20 ಮಂದಿಗಷ್ಟೇ ನೇರ ಆಪರೇಷನ್ ಸಾಧ್ಯ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5.1 ಲಕ್ಷ ಜನರಿಗೆ ಈ ಕಾಯಿಲೆ ಪತ್ತೆಯಾಯಿತು, ಸುಮಾರು 4.67 ಲಕ್ಷ ಜನ ಇದರಿಂದ ತೀರಿಕೊಂಡರು. ಅಮೆರಿಕದಲ್ಲೂ ಐದು ವರ್ಷ ದಾಟುವವರು ನೂರಕ್ಕೆ 13 ಮಾತ್ರ.

ಆಪರೇಷನ್ ಆಗುವ ಗುಂಪಿಗೆ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ? ಇಲ್ಲೇ ಮನೆಯವರ ಗೊಂದಲ ಶುರುವಾಗುತ್ತದೆ. ಒಂದೇ ಸಿಟಿ ಸ್ಕ್ಯಾನ್ ನೋಡಿ ಒಬ್ಬ ಸರ್ಜನ್ "ಕೈಮೀರಿದೆ" ಎನ್ನುತ್ತಾರೆ, ಇನ್ನೊಬ್ಬರು "ಕೀಮೋ ಕೊಟ್ಟು ಆಮೇಲೆ ತೆಗೆಯೋಣ" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಎಲ್ಲ ಕಾಮಾಲೆಯೂ ಲಿವರ್‌ನದ್ದಲ್ಲ

ಗಡ್ಡೆ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ತಲೆಭಾಗದಲ್ಲಿ. ಲಿವರ್‌ನಿಂದ ಇಳಿದು ಬರುವ ಪಿತ್ತನಾಳ ಆ ತಲೆಭಾಗವನ್ನು ಹಾದೇ ಸಣ್ಣಕರುಳನ್ನು ಸೇರುತ್ತದೆ. ಗಡ್ಡೆ ನಾಳವನ್ನು ಒತ್ತಿದಾಗ ಪಿತ್ತ ಹಿಂದಕ್ಕೆ ನಿಂತು ರಕ್ತ ಸೇರುತ್ತದೆ. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮಲ ಜೇಡಿಮಣ್ಣಿನ ಹಾಗೆ ಬಿಳಿಚು, ರಾತ್ರಿ ನಿದ್ದೆಗೆಡಿಸುವ ತುರಿಕೆ. ನೋವು ಇಲ್ಲದೆಯೂ ಇರಬಹುದು.

ನಮ್ಮಲ್ಲಿ ಕಾಮಾಲೆ ಎಂದಾಕ್ಷಣ ನೆನಪಾಗುವುದು ನಾಟಿ ಔಷಧ. ವೈರಸ್‌ನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಸಿದ ಹೆಸರು ಬೇರಿನ ರಸಕ್ಕೆ ಹೋಗುತ್ತದೆ. ನಾಳ ಕಟ್ಟಿದ ಕಾಮಾಲೆ ಹಾಗೆ ಇಳಿಯುವುದಿಲ್ಲ. ಪಥ್ಯ ಹಿಡಿದು ಕಾದಷ್ಟು ದಿನ ಗಡ್ಡೆ ರಕ್ತನಾಳಗಳ ಕಡೆಗೆ ಬೆಳೆಯುತ್ತಿರುತ್ತದೆ. 50 ದಾಟಿದವರಲ್ಲಿ ಜ್ವರವಿಲ್ಲದೆ, ತುರಿಕೆಯೊಂದಿಗೆ ಕಾಮಾಲೆ ಬಂದರೆ ಅದೇ ವಾರ ಹೊಟ್ಟೆಯ ಅಲ್ಟ್ರಾಸೌಂಡ್ ಆಗಬೇಕು. ಅಲ್ಟ್ರಾಸೌಂಡ್‌ಗೂ ಒಂದು ಮಿತಿಯಿದೆ. ಪಿತ್ತನಾಳ ಉಬ್ಬಿದ್ದು ಅದರಲ್ಲಿ ಕಾಣುತ್ತದೆ, ಆದರೆ ಹೊಟ್ಟೆಯ ಗ್ಯಾಸ್ ಅಡ್ಡಬಂದು ಪ್ಯಾಂಕ್ರಿಯಾಸ್ ಕಾಣದೇ ಹೋಗಬಹುದು. ನಾಳ ಉಬ್ಬಿದೆ, ಕಲ್ಲಿಲ್ಲ ಎಂದರೆ ತನಿಖೆ ಅಲ್ಲಿಗೆ ನಿಲ್ಲಬಾರದು.

ಗ್ರಂಥಿಯ ನಡುಭಾಗ ಮತ್ತು ಬಾಲದ ಗಡ್ಡೆಗಳು ಕಾಮಾಲೆಯ ಸುಳಿವನ್ನೂ ಕೊಡುವುದಿಲ್ಲ. ಬೆನ್ನಿಗೆ ಹಾಯುವ ನೋವು, ತೂಕ ಇಳಿಕೆ, ಹೊಸದಾಗಿ ಕಾಣಿಸಿಕೊಂಡ ಸಕ್ಕರೆ ಕಾಯಿಲೆ ಇಷ್ಟೇ ಗುರುತು. 50 ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂದವರೆಲ್ಲ ಹೆದರಬೇಕಿಲ್ಲ. ಅಂಥವರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆದರೆ ಮಾಮೂಲಿ ಸಕ್ಕರೆ ಕಾಯಿಲೆ ತೂಕ ಏರಿದವರಲ್ಲಿ ಬರುವುದು ಹೆಚ್ಚು. ತೂಕ ಇಳಿಯುತ್ತಿರುವಾಗಲೇ ಸಕ್ಕರೆ ಏರಿದರೆ ಅದು ಬೇರೆ ಕಥೆ.

ಸ್ಟೆಂಟ್‌ಗಿಂತ ಮೊದಲು ಸ್ಕ್ಯಾನ್

ಹಳದಿ ಕಣ್ಣಿನ ರೋಗಿ ಆಸ್ಪತ್ರೆಗೆ ಬಂದಾಗ ಮೊದಲ ತಪ್ಪು ನಡೆಯುವುದು ಸಾಮಾನ್ಯವಾಗಿ ಒಳ್ಳೆಯ ಉದ್ದೇಶದಿಂದಲೇ. ಬಿಲಿರುಬಿನ್, ಅಂದರೆ ರಕ್ತದಲ್ಲಿ ಏರಿ ಕಣ್ಣು ಹಳದಿ ಮಾಡುವ ವಸ್ತು, 12 ಇದೆ, ಇಳಿಸೋಣ ಎಂದು ಎಂಡೋಸ್ಕೋಪಿ ಮೂಲಕ ಪಿತ್ತನಾಳಕ್ಕೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ಕೊಳವೆ, ಹಾಕುತ್ತಾರೆ. ಸಿಟಿ ಆಮೇಲೆ. ಸ್ಟೆಂಟ್ ಹಾಕುವಾಗ ಗ್ರಂಥಿ ಕೆರಳಿ ಊದಿಕೊಳ್ಳಬಹುದು, ಸ್ಟೆಂಟ್ ಕೂಡ ಚಿತ್ರದಲ್ಲಿ ನೆರಳು ಬೀರುತ್ತದೆ. ಆಗ ಗಡ್ಡೆ ಎಲ್ಲಿ ಮುಗಿಯಿತು, ಊತ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಒಂದೇ ಸ್ಕ್ಯಾನ್‌ಗೆ ಎರಡು ತೀರ್ಪು ಬರಲು ಇದು ಒಂದು ಮುಖ್ಯ ಕಾರಣ.

ಸಿಟಿಯಲ್ಲೂ ಬಗೆಗಳಿವೆ. ಚೀಟಿಯಲ್ಲಿ "ಸಿಟಿ ಅಬ್ಡಾಮೆನ್" ಎಂದಷ್ಟೇ ಬರೆದರೆ ಬರುವುದು ಸಾಮಾನ್ಯ ಸ್ಕ್ಯಾನ್. "ಪ್ಯಾಂಕ್ರಿಯಾಸ್ ಪ್ರೋಟೋಕಾಲ್" ಎಂದು ಬರೆದರೆ ಚಿತ್ರ ಎದ್ದುಕಾಣಲು ಚುಚ್ಚುವ ಔಷಧ ರಕ್ತಕ್ಕೆ ಸೇರಿದ 40ರಿಂದ 50 ಸೆಕೆಂಡಿಗೆ ಒಂದು ಸಲ, ಸುಮಾರು 70 ಸೆಕೆಂಡಿಗೆ ಇನ್ನೊಂದು ಸಲ, 3 ಮಿಲಿಮೀಟರ್‌ಗಿಂತ ತೆಳುವಾದ ಹೋಳುಗಳಲ್ಲಿ ಚಿತ್ರ ತೆಗೆಯುತ್ತಾರೆ. ಮೊದಲ ಸುತ್ತಿನಲ್ಲಿ ಆರೋಗ್ಯವಾಗಿರುವ ಗ್ರಂಥಿ ಬೆಳ್ಳಗೆ ಹೊಳೆಯುತ್ತದೆ, ಗಡ್ಡೆ ಅದರ ನಡುವೆ ಮಂಕಾಗಿ ಕಾಣುತ್ತದೆ, ಧಮನಿಗಳು ಸ್ಪಷ್ಟವಾಗುತ್ತವೆ. ಎರಡನೆಯ ಸುತ್ತಿನಲ್ಲಿ ಅಭಿಧಮನಿಗಳೂ ಲಿವರ್‌ನ ಚುಕ್ಕೆಗಳೂ ತಿಳಿಯುತ್ತವೆ. ಚೀಟಿಯ ಮೇಲಿನ ಎರಡು ಪದ ರೋಗಿಯ ದಾರಿಯನ್ನೇ ಬದಲಿಸಬಲ್ಲವು.

ಸ್ಟೆಂಟ್ ಹಾಕುವುದೇ ತಪ್ಪೆಂದಲ್ಲ. ಆದರೆ ಅಭ್ಯಾಸದಿಂದ ಹಾಕಬಾರದು ಎಂಬುದಕ್ಕೆ ಗಟ್ಟಿ ಆಧಾರವಿದೆ. 2010ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ ಬಿಲಿರುಬಿನ್ ಹೆಚ್ಚುಕಡಿಮೆ 14.6 ಮಿಲಿಗ್ರಾಂವರೆಗೆ ಇದ್ದ 202 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ನೇರ ಆಪರೇಷನ್‌ಗೆ ಹೋದವರಲ್ಲಿ ಶೇ 39 ಮಂದಿಗೆ ಗಂಭೀರ ತೊಡಕು ಕಾಣಿಸಿತು, ಮೊದಲು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ 74 ಮಂದಿಗೆ. ಕಾರಣ ಸೋಂಕು: ಸ್ಟೆಂಟ್ ಕರುಳಿನ ಬ್ಯಾಕ್ಟೀರಿಯಾಗಳಿಗೆ ಪಿತ್ತನಾಳದ ಬಾಗಿಲು ತೆರೆದುಕೊಡುತ್ತದೆ. ಆ ಅಧ್ಯಯನದಲ್ಲಿ ಬಳಸಿದ್ದು ಪ್ಲಾಸ್ಟಿಕ್ ಸ್ಟೆಂಟ್ ಎಂಬುದನ್ನೂ ಹೇಳಬೇಕು.

ಚಳಿಜ್ವರದೊಂದಿಗೆ ನಾಳದಲ್ಲಿ ಸೋಂಕು ಇದ್ದರೆ, ಬಿಲಿರುಬಿನ್ ತೀರಾ ಏರಿದ್ದರೆ, ಆಪರೇಷನ್ ವಾರಗಟ್ಟಲೆ ಮುಂದೆ ಹೋಗುವುದಿದ್ದರೆ, ಕೀಮೋ ಮೊದಲು ಕೊಡುವುದಿದ್ದರೆ ಸ್ಟೆಂಟ್ ಬೇಕೇ ಬೇಕು. ಕೀಮೋ ತಿಂಗಳುಗಟ್ಟಲೆ ನಡೆಯುವುದರಿಂದ ಲೋಹದ ಗಿಡ್ಡ ಸ್ಟೆಂಟ್ ಒಳ್ಳೆಯದು. ಪ್ಲಾಸ್ಟಿಕ್ ಸ್ಟೆಂಟ್ ಎರಡು ಮೂರು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಬಿಳಿರಕ್ತಕಣ ಇಳಿದಿರುವ ಹೊತ್ತಿನಲ್ಲಿ ಅದು ಕಟ್ಟಿದರೆ ಜೀವಕ್ಕೇ ಅಪಾಯ.

ಸೆಂಟಿಮೀಟರ್ ಅಲ್ಲ, ಡಿಗ್ರಿ

"ಗಡ್ಡೆ ಎಷ್ಟು ದೊಡ್ಡದು ಡಾಕ್ಟ್ರೇ?" ಎಂದು ಎಲ್ಲರೂ ಕೇಳುತ್ತಾರೆ. ಈ ಕ್ಯಾನ್ಸರ್‌ನಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಗಡ್ಡೆ ರಕ್ತನಾಳವನ್ನು ಎಷ್ಟು ಸುತ್ತಿದೆ ಎಂಬುದು. ಗ್ರಂಥಿಯ ಕುತ್ತಿಗೆಯ ಹಿಂದೆಯೇ ಕರುಳಿನಿಂದ ಲಿವರ್‌ಗೆ ಹೋಗುವ ದೊಡ್ಡ ಅಭಿಧಮನಿ ಇದೆ. ಅದರ ಪಕ್ಕದಲ್ಲಿ ಕರುಳಿಗೆಲ್ಲ ರಕ್ತ ಒಯ್ಯುವ ಧಮನಿ. ಅಡ್ಡಹೋಳಿನಲ್ಲಿ ಇವು ಬಳೆಯಂತೆ ದುಂಡಗೆ ಕಾಣುತ್ತವೆ. ಬಳೆಯ ಅರ್ಧ ಸುತ್ತು ಎಂದರೆ 180 ಡಿಗ್ರಿ.

ಧಮನಿಯನ್ನು ಗಡ್ಡೆ ಮುಟ್ಟೇ ಇಲ್ಲ, ಅಭಿಧಮನಿಯನ್ನು ಅರ್ಧ ಬಳೆಗಿಂತ ಕಡಿಮೆ ತಾಗಿದೆ, ನಾಳದ ಅಂಚು ಸೊಟ್ಟಗಾಗಿಲ್ಲ ಎಂದರೆ ನೇರ ಆಪರೇಷನ್ ಸಾಧ್ಯ. ಕರುಳಿನ ಧಮನಿಯನ್ನು ಅರ್ಧ ಬಳೆಯವರೆಗೆ ತಾಗಿದ್ದರೆ, ಅಥವಾ ಅಭಿಧಮನಿಯನ್ನು ಅರ್ಧಕ್ಕಿಂತ ಹೆಚ್ಚು ಸುತ್ತಿದ್ದರೂ ಕತ್ತರಿಸಿ ಜೋಡಿಸಲು ಮೇಲೆ ಕೆಳಗೆ ಒಳ್ಳೆಯ ನಾಳ ಉಳಿದಿದ್ದರೆ ಅದು ಗಡಿರೇಖೆಯ ಕಾಯಿಲೆ. ಧಮನಿಯನ್ನು ಅರ್ಧ ಬಳೆಗಿಂತ ಹೆಚ್ಚು ಸುತ್ತಿದರೆ ಸ್ಥಳದಲ್ಲೇ ಮುಂದುವರಿದದ್ದು, ಅಂದರೆ ಬೇರೆಡೆ ಹರಡದಿದ್ದರೂ ನೇರವಾಗಿ ತೆಗೆಯಲಾಗದ್ದು. ಹೀಗಾಗಿ 2 ಸೆಂಟಿಮೀಟರ್ ಗಡ್ಡೆ ತೆಗೆಯಲಾಗದ್ದಿರಬಹುದು, 5 ಸೆಂಟಿಮೀಟರ್‌ನದ್ದು ತೆಗೆಯಬಹುದಾದದ್ದಿರಬಹುದು.

ಇಲ್ಲಿ ಸ್ಕ್ಯಾನ್ ಜೊತೆಗೆ ಸರ್ಜನ್‌ನ ಕೈಯೂ ಲೆಕ್ಕಕ್ಕೆ ಬರುತ್ತದೆ. ಅಭಿಧಮನಿಯ ತುಂಡು ತೆಗೆದು ಮತ್ತೆ ಹೊಲಿಯುವ ಅಭ್ಯಾಸ ಇಲ್ಲದವರಿಗೆ ಗಡಿರೇಖೆಯ ಗಡ್ಡೆ "ಆಗದ" ಗಡ್ಡೆ. ಅಭ್ಯಾಸ ಇರುವವರಿಗೆ ಅದು ಕೀಮೋ ನಂತರ ಆಗಬಹುದಾದ ಗಡ್ಡೆ. "ನನ್ನಿಂದ ಆಗದು" ಎಂಬ ಪ್ರಾಮಾಣಿಕ ಮಾತು "ಯಾರಿಂದಲೂ ಆಗದು" ಎಂದು ರೋಗಿಯ ಕಿವಿಗೆ ಬೀಳುವುದು ದೊಡ್ಡ ನಷ್ಟ.

ಈ ನಷ್ಟವನ್ನು ಅಮೆರಿಕದಲ್ಲಿ ಅಳೆದಿದ್ದಾರೆ. 1995ರಿಂದ 2004ರವರೆಗೆ ಮೊದಲ ಹಂತದಲ್ಲೇ ಪತ್ತೆಯಾದ 9,559 ರೋಗಿಗಳ ದಾಖಲೆ ತೆರೆದು ನೋಡಿದಾಗ ಶೇ 71.4 ಮಂದಿಗೆ ಆಪರೇಷನ್ ಆಗಿರಲೇ ಇಲ್ಲ. ವಯಸ್ಸು, ಬೇರೆ ಕಾಯಿಲೆ, ರೋಗಿಯ ನಿರಾಕರಣೆ ಈ ಕಾರಣಗಳೆಲ್ಲ ಸೇರಿದರೂ ಶೇ 20 ದಾಟುವುದಿಲ್ಲ. ಶೇ 38.2 ಮಂದಿಗೆ ಆಪರೇಷನ್ ಎಂಬ ಆಯ್ಕೆಯನ್ನೇ ಮುಂದಿಟ್ಟಿರಲಿಲ್ಲ. "ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಲ್ವಾ, ಇನ್ನೇನು ಮಾಡೋದು" ಎಂಬ ನಿರಾಶೆ ವೈದ್ಯರೊಳಗೇ ಕೂತಿತ್ತು. ಅಷ್ಟು ಸೌಕರ್ಯ ಇರುವ ದೇಶದ ಲೆಕ್ಕ ಇದು.

ತದ್ವಿರುದ್ಧ ತಪ್ಪೂ ಇದೆ. ಸರಿಯಾದ ಸ್ಕ್ಯಾನ್ ಇಲ್ಲದೆ ಹೊಟ್ಟೆ ತೆರೆದು, ಲಿವರ್ ಮೇಲೆ ಅಕ್ಕಿಕಾಳಿನಂಥ ಬಿಳಿ ಚುಕ್ಕೆ ಕಂಡು, ಹಾಗೇ ಮುಚ್ಚುವುದು. ಆ ಗಾಯ ಮಾಯುವವರೆಗೆ ಕೀಮೋ ತಡವಾಗುತ್ತದೆ. ರಕ್ತದಲ್ಲಿ ಸಿಎ 19-9 ಎಂಬ ಕ್ಯಾನ್ಸರ್ ಸೂಚಕ ತುಂಬಾ ಏರಿದ್ದರೆ, ಗಡ್ಡೆ ಬಾಲದ ಕಡೆಗಿದ್ದರೆ ಮೊದಲು ಸಣ್ಣ ರಂಧ್ರದಿಂದ ದುರ್ಬೀನು ಹಾಕಿ ನೋಡಿದರೆ ಈ ತೊಂದರೆ ತಪ್ಪುತ್ತದೆ.

ಬಯಾಪ್ಸಿ ಇಲ್ಲದೆ ಆಪರೇಷನ್ ಮಾಡಬಹುದೇ?

ಮಾಡಬಹುದು, ಮಾಡುತ್ತಾರೆ. ಚಿತ್ರ ಸ್ಪಷ್ಟವಾಗಿದ್ದು ನೇರ ಆಪರೇಷನ್ ಆಗುವುದಿದ್ದರೆ ಬಯಾಪ್ಸಿ ಕಡ್ಡಾಯವಲ್ಲ. ಗಟ್ಟಿ ನಾರಿನ ನಡುವೆ ಕ್ಯಾನ್ಸರ್ ಕಣಗಳು ಚದುರಿರುವುದರಿಂದ ಸೂಜಿಗೆ ಸಿಗದೇ ಹೋಗಬಹುದು. "ನೆಗೆಟಿವ್" ಎಂದರೆ ಕ್ಯಾನ್ಸರ್ ಇಲ್ಲ ಎಂದಾಗುವುದಿಲ್ಲ. ಕೀಮೋ ಮೊದಲು ಕೊಡುವುದಿದ್ದರೆ ಮಾತ್ರ ಬಯಾಪ್ಸಿ ಬೇಕೇ ಬೇಕು. ಆಗಲೂ ತೆಗೆಯಬಹುದಾದ ಗಡ್ಡೆಗೆ ಹೊಟ್ಟೆಯ ಚರ್ಮದ ಮೂಲಕ ಸೂಜಿ ಹಾಕುವುದಕ್ಕಿಂತ, ಜಠರದ ಒಳಗಿನಿಂದ ಎಂಡೋಸ್ಕೋಪಿ ಅಲ್ಟ್ರಾಸೌಂಡ್ ಮೂಲಕ ತೆಗೆಯುವುದು ಕ್ಷೇಮ. ಸೂಜಿಯ ದಾರಿಯಲ್ಲಿ ಕಣ ಚೆಲ್ಲುವ ಭಯ ಕಡಿಮೆ.

ಕ್ಯಾನ್ಸರ್‌ನಂತೆ ಕಾಣುವ ಬೇರೆ ಕಾಯಿಲೆಗಳೂ ಇವೆ. ದೇಹವೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವ ಒಂದು ಬಗೆಯ ಉರಿಯೂತ ಸ್ಟಿರಾಯ್ಡ್ ಮಾತ್ರೆಗೆ ಕರಗುತ್ತದೆ. ಭಾರತದಲ್ಲಿ ಕ್ಷಯದ ಗಂಟು ಕೂಡ ಹೀಗೆ ಮೋಸ ಮಾಡುತ್ತದೆ. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ ಹೆಚ್ಚಾಗಿ ಕಂಡ, ಗ್ರಂಥಿಯಲ್ಲಿ ಕಲ್ಲು ಕಟ್ಟುವ ದೀರ್ಘಕಾಲದ ಉರಿಯೂತ ಇನ್ನೂ ಜಟಿಲ: ಅದು ಕ್ಯಾನ್ಸರ್‌ನಂತೆ ಕಾಣಲೂ ಬಲ್ಲದು, ಕ್ಯಾನ್ಸರ್ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ.

ಸಿಎ 19-9 ಎಂಬ ರಕ್ತಪರೀಕ್ಷೆಯ ಬಗ್ಗೆ ಒಂದು ಮಾತು. 37ಕ್ಕಿಂತ ಹೆಚ್ಚಾದರೆ ಲ್ಯಾಬ್ ವರದಿಯಲ್ಲಿ ದಪ್ಪಕ್ಷರ ಬರುತ್ತದೆ, ಮನೆಯವರ ಎದೆ ಧಸಕ್ಕೆನ್ನುತ್ತದೆ. ಬರೀ ಕಾಮಾಲೆಯಿಂದಲೂ ಅದು ಏರುತ್ತದೆ. ನೂರಕ್ಕೆ 5ರಿಂದ 10 ಮಂದಿಯ ದೇಹ ಈ ವಸ್ತುವನ್ನು ತಯಾರಿಸುವುದೇ ಇಲ್ಲ, ಕ್ಯಾನ್ಸರ್ ಇದ್ದರೂ ವರದಿ ನಾರ್ಮಲ್. ಬಿಲಿರುಬಿನ್ ಇಳಿದ ಮೇಲೆ ನೋಡಿದ ಅಂಕಿಯೇ ಚಿಕಿತ್ಸೆಯ ಹೋಲಿಕೆಗೆ ಆಧಾರ.

ಕೀಮೋ ಮೊದಲೋ, ಕತ್ತರಿ ಮೊದಲೋ

ಗಡಿರೇಖೆಯ ಗಡ್ಡೆಗೆ ಕೀಮೋ ಮೊದಲು ಎಂಬುದರಲ್ಲಿ ಹೆಚ್ಚು ಜಗಳವಿಲ್ಲ. ಜಗಳ ಇರುವುದು ನೇರವಾಗಿ ತೆಗೆಯಬಹುದಾದ ಗಡ್ಡೆಯ ಬಗ್ಗೆ.

ಮೊದಲು ಕತ್ತರಿ ಎನ್ನುವವರ ಕೈಯಲ್ಲಿ 2018ರ ಫ್ರೆಂಚ್-ಕೆನಡಾ ಅಧ್ಯಯನವಿದೆ. ಆಪರೇಷನ್ ನಂತರ ಮಾರ್ಪಡಿಸಿದ ಫೋಲ್ಫಿರಿನಾಕ್ಸ್ ಎಂಬ ನಾಲ್ಕು ಔಷಧಗಳ ಕೀಮೋ ಪಡೆದವರ ಸರಾಸರಿ ಆಯುಸ್ಸು, ನಡುಬಿಂದುವಿನ ಲೆಕ್ಕದಲ್ಲಿ, 54.4 ತಿಂಗಳು, ಜೆಮ್‌ಸಿಟಾಬಿನ್ ಎಂಬ ಒಂದೇ ಔಷಧ ಪಡೆದವರದ್ದು 35. ಈ ಕ್ಯಾನ್ಸರ್‌ನಲ್ಲಿ ಇಂಥ ಅಂಕಿ ಹಿಂದೆ ಕಂಡಿರಲಿಲ್ಲ. ಆದರೆ ಅಧ್ಯಯನಕ್ಕೆ ಸೇರಿದ್ದು ಆಪರೇಷನ್‌ನಿಂದ ಚೇತರಿಸಿಕೊಂಡು ಗಟ್ಟಿಮುಟ್ಟಾಗಿ ನಿಂತವರು ಮಾತ್ರ. ತೊಡಕಿಗೆ ಸಿಕ್ಕಿ ಹಾಸಿಗೆ ಹಿಡಿದವರು, ತಿಂಗಳೆರಡರಲ್ಲಿ ಕಾಯಿಲೆ ಮರಳಿದವರು ಆ ಲೆಕ್ಕದಲ್ಲಿಲ್ಲ. ಆಪರೇಷನ್ ಆದ ಎಲ್ಲರಿಗೂ 54 ತಿಂಗಳು ಎಂದು ಹೇಳುವುದು ತಪ್ಪು.

ಮೊದಲು ಕೀಮೋ ಎನ್ನುವವರ ವಾದ ಇಲ್ಲಿಂದಲೇ ಹುಟ್ಟುತ್ತದೆ. ಆಪರೇಷನ್ ನಂತರ ಅನೇಕರಿಗೆ ಕೀಮೋ ತಲುಪುವುದೇ ಇಲ್ಲ. ಮೊದಲೇ ಕೊಟ್ಟರೆ ಎಲ್ಲರಿಗೂ ಸಿಗುತ್ತದೆ, ಕಣ್ಣಿಗೆ ಕಾಣದ ಕಣಗಳಿಗೂ ಹೊಡೆತ ಬೀಳುತ್ತದೆ, ಕೀಮೋ ನಡುವೆಯೇ ಹರಡುವ ಉಗ್ರ ಕಾಯಿಲೆ ಬಯಲಾಗಿ ವ್ಯರ್ಥ ಆಪರೇಷನ್ ತಪ್ಪುತ್ತದೆ. ಡಚ್ಚರ ಪ್ರಿಯೋಪ್ಯಾಂಕ್ ಅಧ್ಯಯನದಲ್ಲಿ ಮೊದಲು ಕೀಮೋ-ವಿಕಿರಣ ಪಡೆದವರಲ್ಲಿ ಐದು ವರ್ಷ ದಾಟಿದವರು ಶೇ 20.5, ನೇರ ಆಪರೇಷನ್‌ಗೆ ಹೋದವರಲ್ಲಿ ಶೇ 6.5. ಆದರೆ ಅದರಲ್ಲಿ ಗಡಿರೇಖೆಯ ರೋಗಿಗಳೂ ಬೆರೆತಿದ್ದರು, ಬಳಸಿದ್ದು ಹಳೆಯ ಔಷಧ. ತೆಗೆಯಬಹುದಾದ ಗಡ್ಡೆಗಳಿಗೇ ಫೋಲ್ಫಿರಿನಾಕ್ಸ್ ಮೊದಲು ಕೊಟ್ಟು ನೋಡಿದ ನಾರ್ಡಿಕ್ ದೇಶಗಳ ನಾರ್‌ಪ್ಯಾಕ್ಟ್-1 ಅಧ್ಯಯನದಲ್ಲಿ ನಿರೀಕ್ಷಿಸಿದ ಲಾಭ ಕಾಣಲಿಲ್ಲ: ನಡುಬಿಂದುವಿನ ಆಯುಸ್ಸು ಕೀಮೋ ಮೊದಲು ಪಡೆದವರಿಗೆ 25.1 ತಿಂಗಳು, ನೇರ ಆಪರೇಷನ್‌ನವರಿಗೆ 38.5.

ಹಾಗಾಗಿ ತೆಗೆಯಬಹುದಾದ ಗಡ್ಡೆಗೆ ಎರಡೂ ದಾರಿ ಇಂದಿಗೂ ಒಪ್ಪುವಂಥವೇ. ಒಪ್ಪಲಾಗದ್ದು ಒಬ್ಬರೇ ಕೂತು ನಿರ್ಧರಿಸುವುದು. ಸರ್ಜನ್, ಕೀಮೋ ತಜ್ಞ, ರೇಡಿಯಾಲಜಿಸ್ಟ್, ಎಂಡೋಸ್ಕೋಪಿ ತಜ್ಞ ಒಂದೇ ಪರದೆಯ ಮುಂದೆ ಕೂತು ಆ ರೋಗಿಯ ಚಿತ್ರ ನೋಡಬೇಕು.

ಕೀಮೋ ಆದಮೇಲೆ ಇನ್ನೊಂದು ಬಲೆ ಕಾದಿರುತ್ತದೆ. ಕ್ಯಾನ್ಸರ್ ಕಣ ಸತ್ತರೂ ಅದರ ಜಾಗದಲ್ಲಿ ಉಳಿದ ನಾರು ಸಿಟಿಯಲ್ಲಿ ಗಡ್ಡೆಯಂತೆಯೇ ಕಾಣುತ್ತದೆ. "ಕೀಮೋ ಕೊಟ್ಟರೂ ಗಡ್ಡೆ ಕರಗಿಲ್ಲ, ಆಗದು" ಎಂದು ವರದಿ ನೋಡಿ ಹೇಳಿಬಿಡುವುದು ಸುಲಭ. ಬೇರೆಲ್ಲೂ ಹರಡಿಲ್ಲ, ಸಿಎ 19-9 ಚೆನ್ನಾಗಿ ಇಳಿದಿದೆ, ರೋಗಿ ಓಡಾಡಿಕೊಂಡಿದ್ದಾರೆ ಎಂದರೆ ಅನುಭವಿ ಸರ್ಜನ್ ಒಳಗೆ ಹೋಗಿ ನೋಡುವ ಯೋಚನೆ ಮಾಡುತ್ತಾರೆ.

ಅಪಾಯ ಇರುವುದು ಜೋಡಣೆಯಲ್ಲಿ

ತಲೆಭಾಗದ ಗಡ್ಡೆಗೆ ಮಾಡುವ ಆಪರೇಷನ್‌ಗೆ ವಿಪಲ್ ಎಂದು ಹೆಸರು, 1935ರಲ್ಲಿ ಇದರ ವರದಿ ಪ್ರಕಟಿಸಿದ ನ್ಯೂಯಾರ್ಕ್‌ನ ಅಲೆನ್ ವಿಪಲ್ ಅವರಿಂದ ಬಂದದ್ದು. ಗ್ರಂಥಿಯ ತಲೆ, ಸಣ್ಣಕರುಳಿನ ಮೊದಲ ಸುತ್ತು, ಪಿತ್ತಕೋಶ, ಪಿತ್ತನಾಳದ ತುದಿ, ಕೆಲವೊಮ್ಮೆ ಜಠರದ ಅಂಚು ಇಷ್ಟೂ ಒಟ್ಟಿಗೆ ಹೊರಬರುತ್ತವೆ. ಆಮೇಲೆ ಕರುಳಿಗೆ ಮೂರು ಜೋಡಣೆ: ಉಳಿದ ಗ್ರಂಥಿ, ಪಿತ್ತನಾಳ, ಜಠರ.

ಮೂರರಲ್ಲಿ ಕಾಡುವುದು ಮೊದಲನೆಯದು. ಆರೋಗ್ಯವಾಗಿರುವ ಗ್ರಂಥಿ ಬೆಣ್ಣೆಯಷ್ಟು ಮೃದು, ಹೊಲಿಗೆ ದಾರ ಅದನ್ನು ಕೊಯ್ದುಕೊಂಡೇ ಹೋಗುತ್ತದೆ. ಒಳಗಿನ ನಾಳ 3 ಮಿಲಿಮೀಟರ್‌ಗಿಂತ ಸಣ್ಣದಿದ್ದರೆ ಇನ್ನೂ ಕಷ್ಟ. ಸೋರಿದ ರಸ ಕೊಬ್ಬನ್ನೂ ಮಾಂಸವನ್ನೂ ಕರಗಿಸಲೆಂದೇ ಇರುವಂಥದ್ದು; ಅದು ಪಕ್ಕದಲ್ಲಿ ಕಟ್ಟಿಬಿಟ್ಟ ಧಮನಿಯ ಮೊಂಡನ್ನು ತಿನ್ನತೊಡಗುತ್ತದೆ. ಮೂರನೆಯ ದಿನದಿಂದಾಚೆಗೆ ಡ್ರೈನ್, ಅಂದರೆ ಹೊಟ್ಟೆಯಿಂದ ಹೊರಗೆ ಇಳಿಬಿಟ್ಟ ಕೊಳವೆಯ ನೀರಿನಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ ರಕ್ತದ ಸಾಮಾನ್ಯ ಮಿತಿಗಿಂತ ಮೂರು ಪಟ್ಟು ಮೀರಿದರೆ ಸೋರಿಕೆಯ ಗುರುತು. ಒಂದೆರಡು ವಾರದಲ್ಲಿ ಡ್ರೈನ್‌ನಲ್ಲಿ ಚಮಚದಷ್ಟು ರಕ್ತ ಕಂಡು ತಾನೇ ನಿಂತುಹೋದರೆ ಅದು ಸಮಾಧಾನದ ವಿಷಯವಲ್ಲ, ದೊಡ್ಡ ರಕ್ತಸ್ರಾವದ ಮುನ್ಸೂಚನೆ. ಆ ಗಂಟೆಯಲ್ಲೇ ಸಿಟಿ ಆಂಜಿಯೋ ಮಾಡಿ, ತೊಡೆಯ ಧಮನಿಯ ಮೂಲಕ ತಂತಿ ಹಾಯಿಸಿ ಸೋರುವ ಜಾಗ ಮುಚ್ಚಿದರೆ ರೋಗಿ ಉಳಿಯುತ್ತಾರೆ. ಅದನ್ನು ಅರಿಯುವ ನರ್ಸ್, ರಾತ್ರಿ ಎರಡು ಗಂಟೆಗೂ ಬರುವ ರೇಡಿಯಾಲಜಿ ತಂಡ ಇಲ್ಲದ ಕಡೆ ಎಷ್ಟೇ ನಿಪುಣ ಸರ್ಜನ್ ಇದ್ದರೂ ಸಾಲದು.

ಹತ್ತಿರದ ಆಸ್ಪತ್ರೆಯೋ, ದೂರದ್ದೋ

2002ರಲ್ಲಿ ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್‌ನ ದಾಖಲೆಗಳಿಂದ ಹೊರಬಂದ ಲೆಕ್ಕ ಈ ಮಾತಿಗೆ ಸಾಕ್ಷಿ. ವರ್ಷಕ್ಕೆ ಒಂದೂ ತುಂಬದಷ್ಟು ಪ್ಯಾಂಕ್ರಿಯಾಸ್ ಆಪರೇಷನ್ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇ 16.3, 16ಕ್ಕಿಂತ ಹೆಚ್ಚು ಮಾಡುವಲ್ಲಿ ಶೇ 3.8. ನೆದರ್ಲೆಂಡ್ಸ್‌ನಲ್ಲಿ ಈ ಆಪರೇಷನ್ ಮಾಡಲು ವರ್ಷಕ್ಕೆ ಕನಿಷ್ಠ 20 ಎಂಬ ನಿಯಮವಿದೆ. ಜರ್ಮನಿ ತನ್ನ ಕನಿಷ್ಠ ಮಿತಿಯನ್ನು 10ರಿಂದ 20ಕ್ಕೆ ಏರಿಸಿದೆ.

ಇದಕ್ಕೆ ಎದುರು ವಾದವೂ ತೂಕದ್ದೇ. ಬೀದರ್‌ನಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಸುಮಾರು 700 ಕಿಲೋಮೀಟರ್. ರೋಗಿಯ ಜೊತೆ ಒಬ್ಬರು ಕೂಲಿ ಬಿಟ್ಟು ತಿಂಗಳು ನಿಲ್ಲಬೇಕು. ಎಲ್ಲವನ್ನೂ ದೊಡ್ಡ ಊರಿಗೆ ತಳ್ಳಿದರೆ ಬಡವರು ಚಿಕಿತ್ಸೆಯನ್ನೇ ಕೈಬಿಡುತ್ತಾರೆ, ಕಾಯುವ ಸಾಲು ಬೆಳೆದು ಗಡ್ಡೆ ಗಡಿ ದಾಟುತ್ತದೆ. ಎರಡನ್ನೂ ತೂಗಿದರೆ ಸರಿಯೆನಿಸುವುದು ಹಂಚಿಕೆ. ಕಾಮಾಲೆ ಗುರುತಿಸುವುದು, ಸರಿಯಾದ ಸಿಟಿ ಮಾಡಿ ಚಿತ್ರಗಳನ್ನು ಕಳಿಸುವುದು, ಕೀಮೋ ಕೊಡುವುದು ಜಿಲ್ಲೆಯಲ್ಲೇ ಆಗಲಿ. ನಿರ್ಧಾರ ಮತ್ತು ಆಪರೇಷನ್ ಮಾತ್ರ ಹೆಚ್ಚು ಮಾಡುವ ಕೇಂದ್ರದಲ್ಲಿ. "ಕಳೆದ ವರ್ಷ ಇಲ್ಲಿ ಎಷ್ಟು ವಿಪಲ್ ಆಗಿವೆ?" ಎಂದು ಕೇಳುವುದು ಅವಮಾನವಲ್ಲ. ಒಳ್ಳೆಯ ಸರ್ಜನ್ ಆ ಪ್ರಶ್ನೆಗೆ ಅಂಕಿಯಲ್ಲೇ ಉತ್ತರಿಸುತ್ತಾರೆ.

ಮನೆಗೆ ಬಂದ ಮೇಲೆ

ಆಪರೇಷನ್ ಮುಗಿಸಿ ಮನೆಗೆ ಬಂದವರು ಎಣ್ಣೆ-ತುಪ್ಪ ಬಿಟ್ಟು ಗಂಜಿ ಕುಡಿಯುತ್ತಾರೆ, ಆದರೂ ತೂಕ ಇಳಿಯುತ್ತದೆ. ಮಲ ಜಿಡ್ಡಾಗಿ, ನೀರಿನಲ್ಲಿ ತೇಲುತ್ತದೆ, ತೊಳೆದರೂ ಹೋಗುವುದಿಲ್ಲ. ಜೀರ್ಣರಸ ಮಾಡುವ ಗ್ರಂಥಿಯ ಭಾಗವೇ ಹೋಗಿರುವಾಗ ಇದಕ್ಕೆ ಮದ್ದು ಪಥ್ಯವಲ್ಲ, ಕಿಣ್ವದ ಕ್ಯಾಪ್ಸೂಲ್. ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್, ತಿಂಡಿಗೆ 25,000 ಎಂಬುದು ಆರಂಭದ ಪ್ರಮಾಣ; ವೈದ್ಯರು ಅದನ್ನು ತೂಕ ನೋಡಿ ಹೆಚ್ಚಿಸುತ್ತಾರೆ. ಮೊದಲ ತುತ್ತಿನ ಜೊತೆ ಒಂದು, ನಡುವೆ ಒಂದು ಹೀಗೆ ಹಂಚಿ ನುಂಗಬೇಕು. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ಅಥವಾ ಬಿಸಿ ಕಾಫಿಯೊಂದಿಗೆ ನುಂಗಿದರೆ ಕೆಲಸಕ್ಕೆ ಬಾರದು.

ಇದು ಸಣ್ಣ ವಿಷಯದಂತೆ ಕಾಣುತ್ತದೆ, ಬಿಡುಗಡೆ ಚೀಟಿಯಲ್ಲಿ ಬರೆಯಲು ಮರೆತೂ ಹೋಗುತ್ತದೆ. ಆದರೆ 54 ತಿಂಗಳ ಆ ಫಲಿತಾಂಶ ಬಂದದ್ದು ಎರಡು ವಾರಕ್ಕೊಂದರಂತೆ 12 ಸುತ್ತು ಕೀಮೋ ಕೊಡುವ ಕ್ರಮದಿಂದ, ಅದೂ ಅಧ್ಯಯನದ ಕಟ್ಟುನಿಟ್ಟಿನೊಳಗೆ. ಅಲ್ಲೂ ಎಲ್ಲ ಸುತ್ತು ಮುಗಿಸಿದವರು ಮೂರರಲ್ಲಿ ಇಬ್ಬರು. ತಿಂದದ್ದು ಮೈಗೆ ಹತ್ತದೆ ವಾರಕ್ಕೊಂದು ಕಿಲೋ ಇಳಿಯುತ್ತಿರುವ ರೋಗಿ ಐದನೆಯ ಸುತ್ತಿಗೇ ಕೈಚೆಲ್ಲುತ್ತಾರೆ.